ಕಾತರಮ್ಮ ಗೆದ್ದ ಕಥೆ

ಇಂಗ್ಲೆಂಡಿನ ದೊರೆಯ ಮನೆಯ ಜಗಳವೊಂದು ಹಿರಿಯೂರು ತಾಲ್ಲೂಕಿನ ಕುರಿಗಾರರ ಹಟ್ಟಿಗೆ ಬಂದು ಒಬ್ಬ ಹೆಂಗಸಿನ ಸಂಸಾರ ಮುಳುಗಿಸಿತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಬರಗೇರಮ್ಮನ ಮಟ್ಟಿಗೆ ನಡೆದದ್ದು ಅದೇ.

ಹರಿಯಬ್ಬೆಯಿಂದ ಎರಡು ಮೈಲಿ ದೂರದ ಆ ಹಟ್ಟಿಯಲ್ಲಿ ಉಣ್ಣೆ ಸಂಘದ್ದೊಂದು ತಗಡಿನ ಷೆಡ್ಡು ಇತ್ತು. ಮಧ್ಯಾಹ್ನದ ಊಟ ಮುಗಿಸಿ ಏಳೆಂಟು ಹೆಂಗಸರು ಅಲ್ಲಿ ರಾಟೆ ಮುಂದೆ ಕೂತು ಕಂಬಳಿಗೆ ಬೇಕಾದ ಉಣ್ಣೆ ನೂಲುತ್ತಿದ್ದರು. ಒಳಗೆಲ್ಲ ಕುರಿಯ ವಾಸನೆ, ಕಂಬಳಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ. ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆ. ಶಾಲೆಗೆ ರಜೆ ಇದ್ದುದರಿಂದ ತಿಪ್ಪೇರುದ್ರಪ್ಪ ಮೇಷ್ಟ್ರು ದಿನವೂ ಬಂದು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಥೆ ಓದಿ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯ ಗೋಡೆಗಳ ಜೊತೆ ಮಾತಾಡಿ ಬೇಸತ್ತಿದ್ದ ಮನುಷ್ಯ. ಹಿರಿಯೂರಿನ ಲೈಬ್ರರಿಯ ಕಾದಂಬರಿಗಳೆಲ್ಲ ಮುಗಿದ ಮೇಲೆ, ಚಿತ್ರದುರ್ಗದ ರದ್ದಿ ಅಂಗಡಿಯೊಂದರಲ್ಲಿ ಸಿಕ್ಕ ಇಂಗ್ಲಿಷ್ ಕಾದಂಬರಿಯೊಂದನ್ನು ತಂದಿದ್ದರು. ಅದಕ್ಕೆ ರಟ್ಟಿಲ್ಲ, ಹೆಸರಿಲ್ಲ, ಹಿಂದಿನ ಅರ್ಧ ಇಲ್ಲ. ಒಂದು ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಎರಡು ವಾಕ್ಯ ಹೇಳುತ್ತಿದ್ದರು. ಹೆಚ್ಚಿನದೊಂದು ಅವರ ಸ್ವಂತದ್ದು.

“ನಾನೂರೈವತ್ತು ವರ್ಷದ ಹಿಂದೆ ಎಂಟನೇ ಹೆನ್ರಿ ಅಂತ ಒಬ್ಬ ದೊರೆ ಇದ್ದ. ಟ್ಯೂಡರ್ ಮನೆತನದೋನು,” ಎಂದು ಅವರು ಶುರು ಮಾಡಿದ ದಿನ, ಪಕ್ಕದ ಮನೆ ಸಿದ್ದಕ್ಕ ರಾಟೆ ನಿಲ್ಲಿಸಿ ಕೇಳಿದ್ದಳು. “ಟ್ಯೂಡರ್ ಅಂದ್ರೆ ಅವರ ಬೆಡಗೇನ್ರಿ?”

ಬೆಡಗು ಎಂದರೆ ಕುಲದೊಳಗಿನ ಬಳಿ, ಗೋತ್ರವಿದ್ದಂತೆ. ತಂದೆಯಿಂದ ಮಕ್ಕಳಿಗೆ ಬರುವಂಥದು. ಅದು ಗೊತ್ತಾಗದೆ ಕುರಿಗಾರರಲ್ಲಿ ಯಾವ ಮನುಷ್ಯನ ಕಥೆಯೂ ಮುಂದಕ್ಕೆ ಹೋಗುವುದಿಲ್ಲ. ಮೇಷ್ಟ್ರು ನಕ್ಕು, “ಹೂಂ, ಬೆಡಗು ಅಂತ್ಲೇ ಇಟ್ಕಳ್ರಿ,” ಎಂದರು. ಎಂಟನೇ ಹೆನ್ರಿ ಎಂದರೆ ಎಂಟನೇ ಮಗ ಎಂದು ತಿಳಿದ ಹೆಂಗಸರು, ಉಳಿದ ಏಳು ಜನ ಎಲ್ಲಿಗೆ ಹೋದರು ಎಂದು ಒಂದು ವಾರ ಅವರ ಪ್ರಾಣ ತಿಂದರು. ರಾಣಿ ಕ್ಯಾಥರಿನ್ ಎರಡೇ ದಿನದಲ್ಲಿ ಕಾತರಮ್ಮ ಆದಳು. ರೋಮಿನ ಪೋಪ್ ಜಗದ್ಗುರು ಆದರು. ದೊರೆಯ ಕಿವಿ ಕಚ್ಚುತ್ತಿದ್ದ ಮಂತ್ರಿ, ಕೆಂಪು ನಿಲುವಂಗಿಯ ಕಾರ್ಡಿನಲ್, ಕೆಂಪು ಸ್ವಾಮಿ ಆದ. ಅವನು ಯಾರಿಗೆ ಪತ್ರ ಬರೆದ, ಯಾರ ಕಾಲು ಎಳೆದ, ಅರಮನೆಯಲ್ಲಿ ಯಾರ ಮಗ ಮೇಲೆ ಬಂದ ಎಂಬುದೆಲ್ಲ ಅವರಿಗೆ ಸಂಘದ ಅಧ್ಯಕ್ಷರ ಚುನಾವಣೆಯಷ್ಟೇ ಸಲೀಸಾಗಿ ಅರ್ಥವಾಯಿತು.

ಒಂದು ಮಧ್ಯಾಹ್ನ ಮೇಷ್ಟ್ರು ಹೇಳಿದರು. ಕಾತರಮ್ಮ ಮೊದಲು ದೊರೆಯ ಅಣ್ಣನನ್ನು ಮದುವೆಯಾಗಿದ್ದವಳು. ಅಣ್ಣ ಐದು ತಿಂಗಳಲ್ಲಿ ಜ್ವರ ಬಂದು ಸತ್ತ. ಆಮೇಲೆ ತಮ್ಮನೇ ಅವಳ ಕೈ ಹಿಡಿದ. ಈಗ ಇಪ್ಪತ್ತು ವರ್ಷ ಬಾಳಿ, ಒಂದು ಹೆಣ್ಣು ಮಗು ಆದ ಮೇಲೆ, ಅವಳದೇ ಊಳಿಗದ ಹುಡುಗಿಯೊಬ್ಬಳ ಮೇಲೆ ಕಣ್ಣು ಬಿದ್ದು, ದೊರೆ ಹೊಸ ಮಾತು ತೆಗೆದಿದ್ದಾನೆ. ಅಣ್ಣನ ಹೆಂಡತಿಯನ್ನು ಕೂಡಿದ್ದು ಪಾಪ. ಆದ್ದರಿಂದ ಅದು ಮದುವೆಯೇ ಅಲ್ಲ.

ಷೆಡ್ಡಿನಲ್ಲಿ ರಾಟೆಗಳೆಲ್ಲ ನಿಂತವು. ಎಲ್ಲರೂ ಬರಗೇರಮ್ಮನ ಕಡೆ ತಿರುಗಿದರು. ಅವಳ ಕೈಯಲ್ಲಿದ್ದ ಎಳೆ ತುಂಡಾಯಿತು. ಅದನ್ನು ಮತ್ತೆ ಕೂಡಿಸದೆ ಹಾಗೇ ಹಿಡಿದು ಕೂತಳು. ತನ್ನ ಮನೆಯ ಗುಟ್ಟನ್ನು ನಾನೂರೈವತ್ತು ವರ್ಷದ ಹಿಂದೆಯೇ ಯಾರೋ ಬರೆದಿಟ್ಟಿದ್ದಾರೆ ಎಂದು ಅವಳಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ಏಕೆಂದರೆ ಅವಳದೂ ಅದೇ ಕಥೆ. ಹಿರೇಗುಂಟನೂರು ಕಡೆಯ ಹುಡುಗಿ. ಹದಿನಾಲ್ಕಕ್ಕೆ ಈ ಹಟ್ಟಿಯ ಓಬಯ್ಯನಿಗೆ ಧಾರೆ ಎರೆದು ಕೊಟ್ಟರು. ಅದೇ ವಾರ ಮೊದಲ ರಾತ್ರಿಯ ಪ್ರಸ್ತವೂ ಆಯಿತು. ಪ್ರಸ್ತದ ಕೋಣೆಯೊಳಗೆ ಓಬಯ್ಯ ಬಂದಾಗಲೇ ಅವನ ಮೈ ಕೆಂಡದಂತೆ ಸುಡುತ್ತಿತ್ತು. “ಚಳಿ ಆಗ್ತೈತೇನೆ ನಿಂಗೆ?” ಎಂದು ಕೇಳಿ, ತನ್ನ ಕಂಬಳಿ ಅವಳಿಗೆ ಹೊದಿಸಿ, ತಾನು ಗೋಡೆ ಕಡೆ ತಿರುಗಿ ನಡುಗುತ್ತ ಮಲಗಿದ. ಬೆಳಗ್ಗೆ ಯಾರ ಮಾತೂ ಕೇಳದೆ ಕುರಿ ಹೊಡೆದುಕೊಂಡು ಜೋಗಿಮಟ್ಟಿ ಕಡೆ ಹೋದ. ಆರನೇ ದಿನ ಹೆಣವಾಗಿ ಬಂದ. ಅವನು ಅವಳಿಗೆ ಆಡಿದ್ದು ಅದೊಂದೇ ಮಾತು. ಕೋಣೆಯೊಳಗೆ ಏನೂ ನಡೆದಿಲ್ಲ ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳುವಂಥ ಮಾತೇ ಅದು?

ಅತ್ತೆ ಪುಟ್ಟಕ್ಕ ಅವಳನ್ನು ತವರಿಗೆ ಕಳಿಸಲಿಲ್ಲ. ಮನೆಗೆ ಕೈ ಬೇಕಿತ್ತು. ನಾಲ್ಕು ವರ್ಷ ಕಳೆದ ಮೇಲೆ ಅವಳನ್ನು ತನ್ನ ಎರಡನೇ ಮಗ ಮಾರಣ್ಣನಿಗೆ ಸೀರುಡಿಕೆ ಮಾಡಿಸಿದಳು. ಗಂಡ ಸತ್ತವಳಿಗೆ ಎರಡನೇ ಸಲ ಧಾರೆ ಎರೆಯುವಂತಿಲ್ಲ. ಗಂಡಸು ಒಂದು ಸೀರೆ ಕೊಟ್ಟು, ಅವಳು ಅದನ್ನು ಉಟ್ಟುಕೊಂಡರೆ ಆಯಿತು, ಅದೇ ಮದುವೆ. ಆದರೆ ಮಾರಣ್ಣ ಇನ್ನೂ ಮದುವೆಯಾಗದವನು. ಮದುವೆಯಾಗದವನು ನೇರವಾಗಿ ವಿಧವೆಯ ಕೈ ಹಿಡಿಯಬಾರದು ಎಂದು, ಮೊದಲು ಅವನನ್ನು ಹಳ್ಳದ ದಂಡೆಯ ಎಕ್ಕದ ಗಿಡದ ಪಕ್ಕ ನಿಲ್ಲಿಸಿ, ಗಿಡಕ್ಕೆ ಅರಿಶಿನದ ದಾರ ಕಟ್ಟಿಸಿ, ಧಾರೆ ಎರೆಸಿದರು. ಆಮೇಲೆ ಗಿಡ ಕಡಿದರು. ಸಂಜೆ ಅವಳಿಗೆ ಸೀರೆ ಬಂತು. ಎಕ್ಕದ ಗಿಡಕ್ಕೆ ಸಿಕ್ಕ ಧಾರೆ ತನಗೆ ಸಿಗಲಿಲ್ಲವಲ್ಲ ಎಂದು ಅವಳಿಗೆ ಅಂದು ನಗು ಬಂದಿತ್ತು. ಮಾರಣ್ಣನೂ ನಕ್ಕಿದ್ದ. ಒಳ್ಳೆಯವನೇ. ಬಾಯಿ ಇಲ್ಲ, ಅಷ್ಟೇ.

ಅದಾಗಿ ಹನ್ನೊಂದು ವರ್ಷ. ಒಬ್ಬಳೇ ಮಗಳು, ಎಂಟು ವರ್ಷದ ಉಚ್ಚಂಗೆಮ್ಮ. ಈಗ ಹೊಸದುರ್ಗದ ಕಡೆಯ ದೊಡ್ಡ ಹಿಂಡಿನವರೊಬ್ಬರು ಮಗಳನ್ನು ಮಾರಣ್ಣನಿಗೆ ಕೊಡಲು ತಯಾರಿದ್ದರು. ಒಂದೇ ಷರತ್ತು, ಹುಡುಗಿ ಎರಡನೆಯವಳಾಗಿ ಬರುವುದಿಲ್ಲ. ಪುಟ್ಟಕ್ಕ ಅದಕ್ಕೆ ದಾರಿ ಹುಡುಕಿಕೊಂಡಿದ್ದಳು. ಮಗನ ಧಾರೆ ಆದದ್ದು ಎಕ್ಕದ ಗಿಡದ ಜೊತೆ, ಅದು ಸತ್ತುಹೋಯಿತು. ಇನ್ನು ಇವಳು ಅತ್ತಿಗೆ, ತಾಯಿಯ ಸಮಾನ, ಅವಳಿಗೆ ಸೀರೆ ಕೊಟ್ಟದ್ದೇ ತಪ್ಪು, ಆ ಸೀರುಡಿಕೆ ನಿಲ್ಲುವುದಿಲ್ಲ ಎಂದು ಕುಲದ ಕಟ್ಟೆಯಲ್ಲಿ, ಹಿರಿಯರ ಪಂಚಾಯ್ತಿಯಲ್ಲಿ, ಹೇಳಿಸಿಬಿಟ್ಟರೆ ಸಾಕು. ಇಂಗ್ಲೆಂಡಿನ ದೊರೆಗೆ ಕೂಡ ಎಕ್ಕದ ಗಿಡ ಹೊಳೆದಿರಲಿಲ್ಲ.

ಬರಗೇರಮ್ಮನಿಗೆ ಸವತಿಯ ಭಯ ಇರಲಿಲ್ಲ. ಸವತಿ ಬಂದರೆ ಒಂದು ಮೂಲೆಯಲ್ಲಿ ಬಿದ್ದಿರುತ್ತಿದ್ದಳು. ಹೋಗುವುದು ಉಚ್ಚಂಗಿಯ ಬಾಳು. ಸೀರುಡಿಕೆ ನಿಲ್ಲದಿದ್ದರೆ ಮಗು ಯಾರದು? ನಾಳೆ ಹೆಣ್ಣು ಕೇಳಲು ಬಂದವರು ಬೆಡಗು ಯಾವುದು ಎಂದರೆ ಏನು ಹೇಳುವುದು? ಮೇಷ್ಟ್ರು ಒಮ್ಮೆ, “ಕೋರ್ಟು ಐತೆ ಕಣಮ್ಮ, ಚಿತ್ರದುರ್ಗಕ್ಕೆ ಹೋಗಾಣ,” ಎಂದಿದ್ದರು. “ಕೋರ್ಟ್ನಾಗೆ ಗೆದ್ದು ಮಗಳನ್ನ ಜಡ್ಜಿಗೆ ಕೊಡ್ಲೇನ್ರಿ? ಕಟ್ಟೆ ಒಪ್ಬೇಕು ಮೇಷ್ಟ್ರೇ,” ಎಂದಿದ್ದಳು ಅವಳು. ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಮಗಳ ತಲೆ ಬಾಚಲು ಕೂತರೆ ಬಾಚಣಿಗೆ ಕೈಯಲ್ಲೇ ಉಳಿಯುತ್ತಿತ್ತು.

ಆದ್ದರಿಂದಲೇ ಅವಳು ಕಾತರಮ್ಮನ ಕಥೆಗೆ ಜೋತು ಬಿದ್ದಳು. ಉಳಿದವರು ಹೊತ್ತು ಕಳೆಯಲು ಕೇಳಿದರೆ, ಇವಳು ಬಾವಿಗೆ ಬಿದ್ದವಳು ಹಗ್ಗ ಹಿಡಿದಂತೆ ಕೇಳಿದಳು. ಕೆಂಪು ಸ್ವಾಮಿ ಜಗದ್ಗುರುಗಳಿಗೆ ಬರೆದ ಪತ್ರಕ್ಕೆ ಉತ್ತರ ತಡವಾದ ದಿನ ಅವಳಿಗೆ ಒಂದು ತುತ್ತು ಹೆಚ್ಚು ಸೇರಿತು. ಊಳಿಗದ ಹುಡುಗಿಗೆ ದೊರೆ ಒಡವೆ ಕಳಿಸಿದ ದಿನ ಮನೆಗೆ ಹೋಗಿ ಗೋಡೆಗೆ ತಲೆ ಆನಿಸಿ ಕೂತಳು.

ಕೊನೆಗೆ ಸಭೆಯ ದಿನ ಬಂತು. ಮೇಷ್ಟ್ರ ದನಿಯೇ ಬೇರೆಯಾಯಿತು. ದೊರೆ ಒಂದು ಕಡೆ, ರಾಣಿ ಒಂದು ಕಡೆ, ನಡುವೆ ಕೆಂಪು ಸ್ವಾಮಿಗಳು. ಅವಳ ಹೆಸರು ಕೂಗಿದರೆ ಅವಳು ಸ್ವಾಮಿಗಳ ಕಡೆ ನೋಡಲೇ ಇಲ್ಲ. ನೆಟ್ಟಗೆ ನಡೆದು ಹೋಗಿ ಗಂಡನ ಮುಂದೆ ಮಂಡಿಯೂರಿದಳು.

“ಸ್ವಾಮೀ, ನಾನು ಪರದೇಶದೋಳು. ಇಲ್ಲಿ ನನ್ನೋರು ಅನ್ನೋರು ಯಾರೂ ಇಲ್ಲ. ಇಷ್ಟು ವರ್ಷ ನಿಮಗೆ ಎದುರಾಡಿದೋಳಲ್ಲ. ನಿಮ್ಮ ಅಣ್ಣ ನನ್ನ ಮುಟ್ಟಿರ್ಲಿಲ್ಲ. ನಾನು ನಿಮ್ಮ ಹತ್ರ ಕನ್ಯೆಯಾಗೇ ಬಂದೆ. ಹೌದೋ ಅಲ್ವೋ, ನಿಮ್ಮ ಮನಸ್ಸಿಗೇ ಗೊತ್ತು, ನೀವೇ ಹೇಳಿ.”

ಬರಗೇರಮ್ಮ ರಾಟೆ ಬಿಟ್ಟು ಮುಂದಕ್ಕೆ ಬಾಗಿದಳು. ಹದಿನೈದು ವರ್ಷ ಬಾಯಿಯೊಳಗೇ ಇಟ್ಟುಕೊಂಡಿದ್ದ ಮಾತು! ಅದು ಅವಮಾನದ ಮಾತು ಎಂದುಕೊಂಡಿದ್ದಳು. ರಾಣಿಯೊಬ್ಬಳು ಅದನ್ನು ತುಂಬಿದ ಸಭೆಯಲ್ಲಿ ಕತ್ತಿಯಂತೆ ಹಿರಿದಿದ್ದಾಳೆ.

“ದೊರೆ ಏನಂದ?” ಎಂದಳು ಸಿದ್ದಕ್ಕ.

“ಏನೂ ಅನ್ಲಿಲ್ಲ. ಸುಮ್ಕೆ ಕುಂತಿದ್ದ. ಅವಳು ಎದ್ದು ಹೊರಗೆ ನಡೆದಳು.” ಮೇಷ್ಟ್ರು ಹಾಳೆ ಮಗುಚಿದರು. ಮುಂದೆ ಹಾಳೆ ಇರಲಿಲ್ಲ. “ಇಲ್ಲಿಗೆ ಹರಿದು ಹೋಗೈತೆ ಕಣ್ರಮ್ಮ.”

ಹೆಂಗಸರು ಮೇಷ್ಟ್ರನ್ನೂ ರದ್ದಿ ಅಂಗಡಿಯವನನ್ನೂ ಒಟ್ಟಿಗೆ ಬೈದುಕೊಂಡು ಎದ್ದು ಹೋದರು. ಬರಗೇರಮ್ಮ ಒಬ್ಬಳೇ ಉಳಿದಳು. ರಾಣಿಯ ಮಾತನ್ನು ಇನ್ನೊಂದು ಸಲ ಓದಿಸಿಕೊಂಡಳು, ಮತ್ತೊಂದು ಸಲ ಓದಿಸಿಕೊಂಡಳು. ಆಮೇಲೆ ಕೇಳಿದಳು. “ಹಾಳೆ ಇಲ್ದಿದ್ರೆ ಇಲ್ಲ. ನೀವು ಓದ್ದೋರು, ನಿಮಗೆ ಗೊತ್ತಿರ್ತೈತೆ. ಕಾತರಮ್ಮ ಏನಾದ್ಲು?”

ಮೇಷ್ಟ್ರಿಗೆ ಗೊತ್ತಿತ್ತು. ಹೈಸ್ಕೂಲಿನ ಚರಿತ್ರೆ ಪಾಠದಲ್ಲೇ ಓದಿದ್ದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಗೆದ್ಲು ಕಣಮ್ಮ,” ಎಂದರು.

ಅಂದು ಅವಳು ಹೊಟ್ಟೆ ತುಂಬ ಮುದ್ದೆ ಉಂಡಳು.

ಮುಂದಿನ ಸೋಮವಾರ ಬೆಳಗ್ಗೆ ಬೀರಪ್ಪನ ಗುಡಿ ಮುಂದೆ ಕಟ್ಟೆ ಸೇರಿತು. ಬೇರೆ ಕುಲದವರಾದ್ದರಿಂದ ಮೇಷ್ಟ್ರು ಬರುವಂತಿರಲಿಲ್ಲ. ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿ, ಭಂಡಾರದ ಅರಿಶಿನ ಚೆಲ್ಲಿದ್ದರು. ಆ ಭಂಡಾರ ಮುಟ್ಟಿ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕುಲದ ಯಜಮಾನ ರಂಗಯ್ಯ ಎಪ್ಪತ್ತು ದಾಟಿದ ಮುದುಕ. ಪುಟ್ಟಕ್ಕ ತನ್ನ ವಾದವನ್ನೆಲ್ಲ ಹೇಳಿದಳು, ಎಕ್ಕದ ಗಿಡವನ್ನೂ ಬಿಡಲಿಲ್ಲ. ಮಾರಣ್ಣ ಕಂಬದ ಪಕ್ಕ ನೆಲ ನೋಡುತ್ತ ಕೂತಿದ್ದ.

ರಂಗಯ್ಯ ಎಲೆಯಡಿಕೆ ಉಗಿದು ಬಂದು ಹೇಳಿದ. “ಅಲ್ಲ ಪುಟ್ಟಕ್ಕ, ಕನ್ಯೆಗೆ ಧಾರೆ, ವಿಧವೆಗೆ ಸೀರೆ. ಇದು ನಮ್ಮ ಕುಲದ ಕಟ್ಲೆ. ಬರಗೇರಮ್ಮ ಓಬಯ್ಯನ ಹೆಂಡ್ತಿ ಆಗಿದ್ಲು, ಅವನು ಸತ್ತ, ತಮ್ಮ ಸೀರೆ ಕೊಟ್ಟ. ನಮ್ಮ ತಾತನೂ ಹಂಗೇ ಮಾಡಿದ್ದ. ಇದ್ರಾಗೆ ತಪ್ಪೇನೈತೆ?”

ಪುಟ್ಟಕ್ಕನ ಮುಖ ಸಣ್ಣದಾಯಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಇನ್ನೊಂದು ಗಳಿಗೆ ಬರಗೇರಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಜಮಾನ ಕಂಬಳಿ ಮಡಿಸಿ ಏಳುತ್ತಿದ್ದ. ಆದರೆ ಆರು ದಿನ ಆರು ರಾತ್ರಿ ಆ ಮಾತನ್ನೇ ಜಪಿಸಿದವಳಿಗೆ ಯಜಮಾನ ಆಡಿದ್ದು ಕಿವಿಗೇ ಬೀಳಲಿಲ್ಲ. ತನ್ನ ಹೆಸರು ಬಂತು ಎಂಬುದಷ್ಟೇ ಕೇಳಿಸಿತು. ಎದ್ದು ನಿಂತಳು. ಸಿದ್ದಕ್ಕ ಸೆರಗು ಹಿಡಿದೆಳೆದು, “ಸುಮ್ಕೆ ಕುಂತ್ಕಳೇ!” ಎಂದಳು. ಸೆರಗು ಬಿಡಿಸಿಕೊಂಡು ಹೋಗಿ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡು, ಯಜಮಾನನ ಕಡೆ ನೋಡದೆ, ನೆಟ್ಟಗೆ ನಡೆದು ಮಾರಣ್ಣನ ಮುಂದೆ ಮಂಡಿಯೂರಿದಳು.

“ಉಚ್ಚಂಗಿ ಅಪ್ಪಾ, ಈ ಹಟ್ಟಿಯಾಗೆ ನನ್ನೋರು ಅನ್ನೋರು ಯಾರೂ ಇಲ್ಲ. ಹನ್ನೊಂದು ವರ್ಷ ನಿಂಗೆ ಎದುರಾಡ್ದೋಳಲ್ಲ. ಬೀರಪ್ಪನ ಆಣೆ, ನಿಮ್ಮಣ್ಣ ನನ್ನ ಮುಟ್ಟಿರ್ಲಿಲ್ಲ. ಪ್ರಸ್ತದ ದಿನ ಜ್ವರ ಬಂದು ಗೋಡೆ ಕಡೆ ಮಲಗಿದ್ದ. ನಾನು ನಿನ್ನ ಹತ್ರ ಕನ್ಯೆಯಾಗೇ ಬಂದೆ. ಹೌದೋ ಅಲ್ವೋ, ನಿಂಗೇ ಗೊತ್ತು, ನೀನೇ ಹೇಳು.”

ಗಂಡಸರು ತಲೆ ತಗ್ಗಿಸಿದರು. ಇಂಗ್ಲೆಂಡಿನ ದೊರೆ ಅಂದು ಬಾಯಿ ಬಿಡಲಿಲ್ಲವಂತೆ. ಮಾರಣ್ಣ ಬಿಟ್ಟ. ಹುಟ್ಟಿದಾಗಿನಿಂದ ಕಟ್ಟೆಯಲ್ಲಿ ಒಂದು ಮಾತಾಡದ ಮನುಷ್ಯ ಅವಳ ಕಣ್ಣು ನೋಡಿ, ಅವಳಿಗೆ ಒಳ್ಳೆಯದಾಗಲಿ ಎಂದೇ, ಗಟ್ಟಿಯಾಗಿ ಹೇಳಿದ. “ಹೌದು. ಹಂಗೇ ಬಂದ್ಲು. ಭಂಡಾರದಾಣೆ.”

ಬರಗೇರಮ್ಮನ ಕಣ್ಣು ತುಂಬಿತು. ಗೆದ್ದೆ ಎಂದುಕೊಂಡಳು.

ಪುಟ್ಟಕ್ಕನೇ ಮೊದಲು ಚೇತರಿಸಿಕೊಂಡಳು. “ಕೇಳಿದ್ರಾ ಯಜಮಾನ್ರೇ? ಕನ್ಯೆಯಂತೆ. ಈಗ ತಾನೇ ನೀವೇ ಅಂದ್ರಿ, ಕನ್ಯೆಗೆ ಧಾರೆ, ವಿಧವೆಗೆ ಸೀರೆ ಅಂತ. ನನ್ನ ಮಗನ ಕೂಡ ಇವಳಿಗೆ ಧಾರೆ ಎಲ್ಲೈತೆ?”

ರಂಗಯ್ಯ ಅಕ್ಕಪಕ್ಕದ ಹಿರಿಯರ ಜೊತೆ ಪಿಸುಗುಟ್ಟಿದ. ಒಬ್ಬರೂ ಇಲ್ಲ ಎನ್ನಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬರಗೇರಮ್ಮನಿಗೆ ಜಗಳವಾಡಲಿಕ್ಕಾದರೂ ಆಗುತ್ತಿತ್ತು. “ಯಾಕವ್ವ ಹಿಂಗ್ ಮಾಡ್ದೆ? ಬರೀ ಧಾರೆ ಸಾಲ್ದು, ಪ್ರಸ್ತ ಕೂಡಿದ್ರೇನೇ ನಮ್ಮಲ್ಲಿ ಮದುವೆ. ಓಬಯ್ಯನ ಸಂಗಡ ಸಂಸಾರ ಆಗ್ಲಿಲ್ಲ ಅಂದ್ರೆ ನೀನು ವಿಧವೆ ಅಲ್ಲ. ಕನ್ಯೆಗೆ ಸೀರೆ ಉಡಿಸಿದ್ರೆ ಅದು ಮದುವೆ ಅಲ್ಲ, ಇಟ್ಕಂಡಂಗೆ. ನೀನು ಓಬಯ್ಯಂಗೂ ಹೆಂಡ್ತಿ ಅಲ್ಲ, ಮಾರಣ್ಣಂಗೂ ಅಲ್ಲ.”

“ಸುಳ್ಳು ಹೇಳ್ದೆ ಯಜಮಾನ್ರೇ! ಮುಟ್ಟಿದ್ದ! ನಾನು ವಿಧವೆನೇ!” ಎಂದು ಅವಳು ಕಿರುಚಿದಳು. ತಾನು ವಿಧವೆ ಎಂದು ಗಂಡನ ಎದುರಿಗೇ ಕಟ್ಟೆಗೆ ಹಣೆ ಚಚ್ಚಿಕೊಂಡು ಅತ್ತಳು. ಹಣೆಯ ಮೇಲೆ ಭಂಡಾರ ಇತ್ತು. ಅವಳದಲ್ಲದೆ ಮಾರಣ್ಣನದೂ ಆಣೆ ಬಿದ್ದಿತ್ತು. ಕಂಬಳಿ ಮಡಿಸಿದರು. ಮಾರಣ್ಣ ಎರಡು ಹೆಜ್ಜೆ ಅವಳ ಕಡೆ ಬಂದ, ಅವ್ವ ಕೂಗಿದಳು, ನಿಂತುಬಿಟ್ಟ. ಮಗಳಿಗೆ ಯಾವ ಬೆಡಗು ಎಂದು ಸಿದ್ದಕ್ಕ ಗಂಡಸರ ನಡುವೆ ನುಗ್ಗಿ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಅದೇ ಉತ್ತರ.

ಮಧ್ಯಾಹ್ನ ಅವಳು ಒಂದು ಬಟ್ಟೆಗಂಟು ಹಿಡಿದು, ಉಚ್ಚಂಗಿಯ ಕೈ ಹಿಡಿದು ಷೆಡ್ಡಿನ ಹತ್ತಿರ ಬಂದಳು. ಹರಿಯಬ್ಬೆಗೆ ನಡೆದು ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹಿರೇಗುಂಟನೂರಿಗೆ, ತಮ್ಮನ ಮನೆಗೆ ಹೋಗಬೇಕು. ತಮ್ಮ ಬಾಗಿಲು ತೆಗೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಒಳಗೆ ಒಂದು ರಾಟೆಯೂ ತಿರುಗುತ್ತಿರಲಿಲ್ಲ. ಮೇಷ್ಟ್ರು ಮಾತ್ರ ಸ್ಟೂಲಿನ ಮೇಲೆ ಕೂತಿದ್ದರು. ಸುದ್ದಿ ಅವರಿಗೆ ಮುಟ್ಟಿತ್ತು. ಅವಳನ್ನು ಕಂಡು ಎದ್ದು ನಿಂತರು.

“ಮೇಷ್ಟ್ರೇ, ಕಾತರಮ್ಮ ಗೆದ್ಲಾ?”

ಅವರು ತಲೆ ಅಲ್ಲಾಡಿಸಿದರು. “ಇಲ್ಲ ಕಣಮ್ಮ. ಸೋತ್ಲು. ದೊರೆ ಜಗದ್ಗುರುಗಳನ್ನೇ ಬಿಟ್ಟು ಆ ಹುಡುಗೀನ ಮದುವೆಯಾದ. ಇವಳನ್ನ ದೂರದ ಥಂಡಿ ಮನೆಗೆ ಅಟ್ಟಿದ್ರು. ಮಗಳ ಮುಖ ಸಮೇತ ನೋಡೋಕೆ ಬಿಡ್ಲಿಲ್ಲ. ಅಲ್ಲೇ ಸತ್ಲು.”

“ನಂಗ್ಯಾಕೆ ಗೆದ್ಲು ಅಂದ್ರಿ?”

“ನಿನ್ನ ಮುಖ ನೋಡಿ ಬೇರೆ ಮಾತು ಬರ್ಲಿಲ್ಲ ತಾಯಿ. ನೀನು ಅದನ್ನ ಕಟ್ಟೆಗೆ ಒಯ್ತೀಯ ಅಂತ...” ಅವರು ಕೈ ಮುಗಿದರು.

ಮೇಷ್ಟ್ರು ಕೈ ಮುಗಿದದ್ದನ್ನು ಹಟ್ಟಿಯಲ್ಲಿ ಯಾರೂ ನೋಡಿರಲಿಲ್ಲ. ಬರಗೇರಮ್ಮನಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಹೊರಟವಳು ಎರಡು ಹೆಜ್ಜೆ ಹೋಗಿ ತಿರುಗಿದಳು.

“ಅವಳ ಮಗಳು ಏನಾದ್ಲು?”

ಮೇಷ್ಟ್ರು ತಟ್ಟನೆ ತಲೆ ಎತ್ತಿದರು. ಅಂದು ಅವರಲ್ಲಿ ಕೊಡುವಂಥದು ಅದೊಂದೇ ಇತ್ತು, ಅದೂ ಅಪ್ಪಟ ನಿಜ. “ಪಟ್ಟಕ್ಕೆ ಬಂದ್ಲು ಕಣಮ್ಮ! ಎಲ್ಲರೂ ನೀನು ಯಾರ ಮಗಳೂ ಅಲ್ಲ ಅಂದಿದ್ರು. ಇಪ್ಪತ್ತು ವರ್ಷ ಆದ್ಮೇಲೆ ಅವಳೇ ಇಂಗ್ಲೆಂಡಿನ ರಾಣಿ ಆದ್ಲು. ನಮ್ಮವ್ವನ ಮದುವೆ ಸರಿಯಾದ ಮದುವೇನೇ ಅಂತ ತುಂಬಿದ ಸಭೇಲಿ ಹೇಳಿಸಿದ್ಲು.”

ಬರಗೇರಮ್ಮ ಅವರನ್ನೇ ನೋಡಿದಳು. ಕೆಳಗೆ ನೋಡಿ ಉಚ್ಚಂಗಿಯ ತಲೆಯ ಮೇಲೆ ಕೈಯಿಟ್ಟಳು. ಮತ್ತೆ ಅವರನ್ನು ನೋಡಿದಳು.

“ಇದೂ ನನ್ನ ಮುಖ ನೋಡೇ ಹೇಳಿದ್ದೇನ್ರಿ ಮೇಷ್ಟ್ರೇ?”

“ಇಲ್ಲ, ಇದು ನಿಜ, ದೇವರಾಣೆ ನಿಜ,” ಎನ್ನುತ್ತ ತೋರಿಸಲೆಂದು ಅವರು ಅವಸರದಲ್ಲಿ ಪುಸ್ತಕ ತೆರೆದರು. ಆ ಹಾಳೆಗಳು ಅದರಲ್ಲಿ ಇರಲಿಲ್ಲ.